ಬೀಳುವ ಆರ್‌ಸಿಸಿಬಿಗೆ ಹೆದರಬೇಡಿ ಮೇಷ್ಟ್ರೇ, ಬೀಳದೇ ಇರುವುದಕ್ಕೆ ಹೆದರಿ

ಮೇಷ್ಟ್ರೇ ನಮಸ್ಕಾರ. ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಮಳೆ ಸ್ವಲ್ಪ ಹೊಳವಾಗಿತ್ತು, ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಬರೆಯಲು ಆಗಲಿಲ್ಲ. ಮಳೆ ಹಿಡಿದಾಗಿನಿಂದ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸುರಕ್ಷತೆಯ ಸ್ವಿಚ್) ರಾತ್ರಿ ಪದೇ ಪದೇ ಬೀಳುತ್ತಿದೆ, ಅಂದರೆ ತಾನೇ ಆಫ್ ಆಗುತ್ತಿದೆ, ಕಂಪನಿಯ ಸರ್ವಿಸಿನವರು 'ನಿಮ್ಮ ವೈರಿಂಗ್ ಸರಿ ಇಲ್ಲ' ಅಂತ ಫೋನಿನಲ್ಲೇ ಕೈ ತೊಳೆದುಕೊಂಡರು, ಎಲೆಕ್ಟ್ರಿಷಿಯನ್ 'ಅದನ್ನ ಬಿಟ್ಟು ಡೈರೆಕ್ಟ್ ಮಾಡಿಬಿಡೋಣ' ಅನ್ನುತ್ತಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕೆಳಗೆ ನಾಲ್ಕೈದು ಜನ 'ನಮ್ಮಲ್ಲೂ ಡೈರೆಕ್ಟೇ, ಏನೂ ಆಗಿಲ್ಲ' ಅಂತ ಧೈರ್ಯ ತುಂಬಿದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ.

ಮೊದಲು ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ಮನೆ ರಿಪೇರಿ ಮಾಡಿಸಿದಾಗ ಹೊಸ ಆರ್‌ಸಿಸಿಬಿ ಹಾಕಿಸಿದ್ದೆವು. ಮೊದಲ ಮಳೆಗಾಲದಲ್ಲಿ ಅದೂ ನಿಮ್ಮದರ ಹಾಗೇ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆ ಏನೋ ಮಾಡಿ ಹೋದ. ಆಮೇಲೆ ಒಂದು ದಿನವೂ ಬೀಳಲಿಲ್ಲ. ಎಂಥಾ ಕೈಗುಣ ಅಂತ ನಾವು ಹೊಗಳಿದ್ದೇ ಹೊಗಳಿದ್ದು. ಮಾರನೇ ವರ್ಷ ಡಿಪ್ಲೊಮಾ ಓದುವ ಭಾವನ ಮಗ ಬಂದಿದ್ದ. ಬೋರ್ಡಿನ ಮುಂದೆ ನಿಂತು ಸುಮ್ನೆ ಆರ್‌ಸಿಸಿಬಿಯ ಕಡ್ಡಿಯನ್ನು ಕೆಳಗೆ ಎಳೆದ. 'ಟಕ್' ಅಂತು. ಜಗಲಿಯ ಫ್ಯಾನು ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಮುಚ್ಚಳ ಬಿಚ್ಚಿಸಿ ನೋಡಿದರೆ ಆ ಎಲೆಕ್ಟ್ರಿಷಿಯನ್ ಮೇಲಿನಿಂದ ಕೆಳಕ್ಕೆ ಗೇಣುದ್ದದ ಎರಡು ವೈರ್ ತುಂಡು ಹಾಕಿ ಅದನ್ನು ದಾಟಿಸಿದ್ದ. ವರ್ಷವಿಡೀ ಗೋಡೆಯ ಮೇಲೆ ಶೋಕಿಗೆ ಕೂತಿತ್ತು ಅಷ್ಟೇ.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಆ ಜಡಿಮಳೆಯಲ್ಲಿ ಬೈಕಿನಲ್ಲಿ ಬಂದವನಿಗೆ 'ಏನಾದ್ರೂ ಮಾಡು ಮಾರಾಯ, ಈಗ ಕರೆಂಟ್ ಬರಬೇಕು' ಅಂದವನು ನಾನೇ. ಹೇಳದೇ ಮಾಡಿದ್ದು ಮಾತ್ರ ತಪ್ಪು.

ಹಾಗಾಗಿ ಇವತ್ತೇ ನೀವು ಮಾಡಬೇಕಾದ್ದು ಇದು. ಇನ್ವರ್ಟರ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಆಮೇಲೆ ಆರ್‌ಸಿಸಿಬಿಯ ಕಡ್ಡಿ ಕೆಳಗೆ ಮಾಡಿ ಮನೆಯೆಲ್ಲ ಒಂದು ಸುತ್ತು ಬನ್ನಿ. ಕೊಟ್ಟಿಗೆ, ಬಚ್ಚಲು, ಅಟ್ಟ ಯಾವುದನ್ನೂ ಬಿಡಬೇಡಿ. ಎಲ್ಲಾದರೂ ದೀಪ ಉರಿಯುತ್ತಿದ್ದರೆ ಆ ಲೈನಿಗೆ ರಕ್ಷಣೆ ಇಲ್ಲ ಅಂತಲೇ ಅರ್ಥ. ಎಲ್ಲ ಆರಿದರೆ ಕಡ್ಡಿ ಮೇಲೆ ಮಾಡಿ, 'ಟಿ' ಅಂತ ಬರೆದಿರುವ ಚಿಕ್ಕ ಗುಂಡಿ ಒತ್ತಿ. ತಕ್ಷಣ ಬೀಳಬೇಕು. ತಿಂಗಳಿಗೊಮ್ಮೆ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. ನಾವು ಅಮಾವಾಸ್ಯೆ ಅಂತ ಇಟ್ಟುಕೊಂಡಿದ್ದೇವೆ, ಮರೆಯುವುದಿಲ್ಲ.

ಅದು ಯಾಕೆ ಬೀಳುತ್ತದೆ ಅನ್ನುವುದು ತಿಳಿದರೆ ತಪ್ಪು ಹುಡುಕುವುದು ಸುಲಭ. ಫೇಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ ವೈರಿನಲ್ಲಿ ವಾಪಸ್ ಬರಬೇಕು. ಎಲ್ಲೋ ಒದ್ದೆ ಗೋಡೆಗೋ, ಮನುಷ್ಯನ ಮೈಗೋ ಸೋರಿ ಹೋದರೆ ಲೆಕ್ಕ ತಪ್ಪುತ್ತದೆ, ಆಗ ಇದು ಬೀಳುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಂದರೆ ಸೋರಿಕೆ 15ರಿಂದ 30ರ ನಡುವೆ ಎಲ್ಲಾದರೂ ಬೀಳಬಹುದು, 30ಕ್ಕೆ ಬೀಳಲೇಬೇಕು. ಓವರ್‌ಲೋಡಿಗೂ ಶಾರ್ಟಿಗೂ ಬೀಳುವುದು ಎಂಸಿಬಿ, ಅಂದರೆ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಬೇರೆ ಸ್ವಿಚ್. ಆರ್‌ಸಿಸಿಬಿಗೆ ಅದು ಸಂಬಂಧವಿಲ್ಲ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನೂ ಇದು ಉಳಿಸದು. ಇನ್ನೊಂದು ಮಾತು. ಅರ್ಥಿಂಗ್ ಇಲ್ಲದ ಮನೆಯಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಆದರೆ ಗ್ರೈಂಡರಿನ ಮೈಗೆ ಕರೆಂಟ್ ಬಂದರೆ ಯಾರಾದರೂ ಮುಟ್ಟುವ ತನಕ ಅದಕ್ಕೆ ಗೊತ್ತಾಗುವುದಿಲ್ಲ. ಅರ್ಥಿಂಗ್ ಸರಿ ಇದ್ದರೆ ಮುಟ್ಟುವ ಮುಂಚೆಯೇ ಬೀಳುತ್ತದೆ.

ಈಗ ನಿಮ್ಮ ಮನೆಯ ಸೋರಿಕೆ. ಗೀಸರ್, ಫ್ರಿಜ್ಜು, ಮೋಟಾರು ಎಲ್ಲದರ ಪ್ಲಗ್ ಕಿತ್ತು ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಆಮೇಲೆ ಬಿದ್ದಿಲ್ಲ ಅಂದರೆ ಒಂದೊಂದೇ ಹಾಕುತ್ತಾ ಬನ್ನಿ. ಗೀಸರಿನ ಕಾಯಿಲ್ ಮೇಲೆ ನನಗೆ ಮೊದಲ ಅನುಮಾನ. ಪ್ಲಗ್ ಕಿತ್ತಮೇಲೂ ಬಿದ್ದರೆ ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡಿ. ಯಾವುದನ್ನು ಆಫ್ ಮಾಡಿದಾಗ ನಿಲ್ಲುತ್ತದೋ ಆ ಲೈನಿನಲ್ಲಿ ಹುಡುಕಬೇಕು. ಮಳೆ ಬಂದಾಗಲೇ ಬೀಳುವುದಾದರೆ ಹೊರಗಿನ ದೀಪ, ಗೇಟಿನ ಲೈಟು, ಕೊಟ್ಟಿಗೆಗೆ ಹೋದ ವೈರು, ಬೋರಿನ ಕೇಬಲ್ ಜಾಯಿಂಟು, ಇವೇ ಜಾಸ್ತಿ.

ನಮ್ಮಲ್ಲಿ ಹೊಸ ಆರ್‌ಸಿಸಿಬಿ ಬಂದ ಮೇಲೆ (ಹಳೆಯದರ ಕಥೆ ಮುಂದೆ ಹೇಳುತ್ತೇನೆ) ಭಾವನ ಮಗ ಇಷ್ಟೆಲ್ಲ ಮಾಡಿದರೂ ತಪ್ಪು ಸಿಗಲಿಲ್ಲ. ಎಲ್ಲ ಎಂಸಿಬಿ ಆಫ್, ಆದರೂ ಒಂದನ್ನು ಆನ್ ಮಾಡಿ ಮಿಕ್ಸಿ ತಿರುಗಿಸಿದ ತಕ್ಷಣ ಬೀಳುತ್ತಿತ್ತು. ನನ್ನ ಹೆಂಡತಿ ಹೊಸ ಮಿಕ್ಸಿ ಬೇಕು ಅಂತ ಆಗಲೇ ತೀರ್ಮಾನ ಮಾಡಿದ್ದಳು. ತಪ್ಪು ಮಿಕ್ಸಿಯದಲ್ಲ. ಮನೆಗಳಲ್ಲಿ ಹಾಕುವ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ನ್ಯೂಟ್ರಲ್ ಎಲ್ಲೋ ಅರ್ಥ್ ವೈರಿಗೆ ತಾಗಿದ್ದರೆ ಎಂಸಿಬಿ ಆಫ್ ಮಾಡಿ ಏನೂ ಪ್ರಯೋಜನ ಇಲ್ಲ. ಎಲ್ಲಿ ಲೋಡ್ ಹಾಕಿದರೂ ವಾಪಸ್ ಬರುವ ಕರೆಂಟಿನಲ್ಲಿ ಒಂದು ಪಾಲು ಅರ್ಥಿಗೆ ಹೋಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ನ್ಯೂಟ್ರಲ್ ಲಿಂಕಿನಿಂದ (ಬೋರ್ಡಿನಲ್ಲಿ ಎಲ್ಲ ನ್ಯೂಟ್ರಲ್ ವೈರ್ ಸೇರುವ ಪಟ್ಟಿ) ಒಂದೊಂದೇ ವೈರ್ ಬಿಚ್ಚುತ್ತಾ ಹೋದಾಗ ಕೊಟ್ಟಿಗೆಯ ಲೈನು ಸಿಕ್ಕಿಬಿತ್ತು. ಕೊಟ್ಟಿಗೆಯ ಗೋಡೆಯ ಜಂಕ್ಷನ್ ಬಾಕ್ಸ್ ತೆಗೆದರೆ ಒಳಗೆ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಟೇಪು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಜಾರಿ, ನ್ಯೂಟ್ರಲ್ಲಿನ ಗಂಟು ಅರ್ಥಿನ ಗಂಟಿನ ಮೇಲೆ ಒರಗಿ ಕೂತಿತ್ತು. ತಾಮ್ರಕ್ಕೆ ಹಸಿರು ಕಿಲುಬು. ರಿಪೇರಿಗೆ ಆದ ಖರ್ಚು ಒಂದು ಕನೆಕ್ಟರ್, ಒಂದು ಹೊಸ ಬಾಕ್ಸ್. ಈ ಕೆಲಸ ನೀವೇ ಮಾಡಲು ಹೋಗಬೇಡಿ. ಆರ್‌ಸಿಸಿಬಿ ಕೆಳಗಿದ್ದರೂ ಕರೆಂಟ್ ಒಳಬರುವ ಕಡೆಯ ಸ್ಕ್ರೂಗಳಲ್ಲಿ ಕರೆಂಟ್ ಇರುತ್ತದೆ. ಲೈಸೆನ್ಸ್ ಇರುವವನನ್ನು ಕರೆಸಿ, ವೈರಿನಲ್ಲಿ ಸೋರಿಕೆ ಇದೆಯೇ ಅಂತ ಅಳೆಯುವ ಮೆಗ್ಗರ್ ತರಲು ಹೇಳಿ.

ಇನ್ನು ಸರ್ವಿಸಿನವರ ವಿಷಯ. ವೈರ್ ತುಂಡು ತೆಗೆಸಿದ ಮೇಲೆ ನಾವು ಟೆಸ್ಟ್ ಗುಂಡಿ ಒತ್ತಿದರೆ ಆರ್‌ಸಿಸಿಬಿ ಮಿಸುಕಲೇ ಇಲ್ಲ. ಅದೂ ಕೆಟ್ಟಿತ್ತು. ವಾರಂಟಿ ಇನ್ನೂ ಇತ್ತು. ಮೂರು ಸಲ ಫೋನ್ ಮಾಡಿದ ಮೇಲೆ ಒಬ್ಬ ಹುಡುಗ ಬಂದು ಸ್ವಿಚ್ ಹಾಕಿ ನೋಡಿ 'ಕರೆಂಟ್ ಬರ್ತಿದೆಯಲ್ಲ ಸಾರ್, ಮತ್ತೇನು ತೊಂದರೆ?' ಅಂದ. ಅವನು ಗೇಟು ದಾಟುವ ಮೊದಲೇ ನನ್ನ ಫೋನಿಗೆ 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜು ಬಂತು.

ಆಮೇಲೆ ನಾನು ಮಾಡಿದ್ದೇ ನಿಮಗೂ ಹೇಳುವುದು. 'ನಿಮ್ಮ ವೈರಿಂಗ್' ಅನ್ನುವ ಮಾತಿಗೆ ಜಾಗವೇ ಇಲ್ಲದ ಹಾಗೆ ಮಾಡಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಆರ್‌ಸಿಸಿಬಿಯಿಂದ ಮನೆಗೆ ಹೋಗುವ ಎರಡೂ ವೈರ್ ಬಿಚ್ಚಿಸಿ ಕರೆಂಟ್ ಕೊಡಿಸಿ. ಆಗಲೂ ತಾನೇ ಬಿದ್ದರೆ ಅಥವಾ ಟೆಸ್ಟ್ ಒತ್ತಿದರೂ ಬೀಳದಿದ್ದರೆ ತಪ್ಪು ವಸ್ತುವಿನದೇ. ವಿಡಿಯೊ ಮಾಡಿಟ್ಟುಕೊಳ್ಳಿ. ಹಾಗಲ್ಲದೆ ಸರಿಯಾಗಿ ನಿಂತು, ಟೆಸ್ಟಿಗೂ ಬಿದ್ದರೆ, ಸರ್ವಿಸಿನವರು ಹೇಳಿದ್ದು ನಿಜ ಅಂತ ಒಪ್ಪಿಕೊಳ್ಳಬೇಕು. ಫೋನ್ ಬಿಟ್ಟು ಇ-ಮೇಲ್ ಬರೆಯಿರಿ. ಬಿಲ್ಲು, ಸೀರಿಯಲ್ ನಂಬರಿನ ಫೋಟೊ, ವಿಡಿಯೊ ಹಾಕಿ, ದೂರಿನ ನಂಬರ್ ಕೇಳಿ ಪಡೆಯಿರಿ. ಜಗ್ಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಮ್ಮದು ಅಲ್ಲಿಗೇ ಮುಗಿಯಿತು, ಹೊಸದು ಕಳಿಸಿದರು. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 2 ವರ್ಷದೊಳಗೆ ಕೊಡಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಆದರೆ ಈ ಜಗಳ ಮುಗಿಯುವ ತನಕ ಮನೆಯನ್ನು ಡೈರೆಕ್ಟಿನಲ್ಲಿ ಇಡಬೇಡಿ. ಅಂಗಡಿಯಿಂದ ಒಂದು ತಂದು ಹಾಕಿಸಿ, ಹಳೆಯದನ್ನು ಸಾಕ್ಷಿಗೆ ಇಟ್ಟುಕೊಳ್ಳಿ. ಕೊಳ್ಳುವಾಗ 30 ಮಿಲಿಆಂಪಿಯರ್‌ನದೇ ಕೇಳಿ. ಪದೇ ಪದೇ ಬೀಳಲ್ಲ ಅಂತ 100 ಅಥವಾ 300ರದ್ದು ದಾಟಿಸುತ್ತಾರೆ, ಅದು ಜೀವ ಕಾಯಲು ಇರುವುದಲ್ಲ. ಐಎಸ್‌ಐ ಗುರುತಿನ ಜೊತೆಗಿರುವ ಸಿಎಂ/ಎಲ್ ಅನ್ನುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹೊಡೆದು ನೋಡಿ, ಆ ಲೈಸೆನ್ಸ್ ಅಸಲಿಯೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಇನ್ವರ್ಟರ್ ಬ್ಯಾಟರಿಯಲ್ಲಿ ಓಡುವಾಗ ಮೇನ್ ಬೋರ್ಡಿನ ಆರ್‌ಸಿಸಿಬಿ ಆ ಲೈನನ್ನು ಕಾಯುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಅದಕ್ಕೂ ಬೇರೆಯದು ಹಾಕಬಹುದಾ ಅಂತ ಕೇಳಿ.

ಕಡ್ಡಿ ಎಳೆದು ನೋಡಿ, ಏನಾಯಿತು ಅಂತ ರಾತ್ರಿ ಇಲ್ಲೇ ಬರೆಯಿರಿ ಮೇಷ್ಟ್ರೇ. ನಿಮ್ಮ ಕೊಟ್ಟಿಗೆಗೆ ಹೋಗುವ ವೈರು ಮಾಡಿನ ಮೇಲಿಂದ ಹೋಗಿದೆಯೋ, ಪೈಪಿನಲ್ಲಿ ನೆಲದೊಳಗೆ ಹೋಗಿದೆಯೋ? ಅದನ್ನೂ ತಿಳಿಸಿ.