ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್‌ನಲ್ಲಿ ಬಡವರೆಲ್ಲ ಒಳ್ಳೆಯವರು, ಶ್ರೀಮಂತರೆಲ್ಲ ಕೆಟ್ಟವರು ಅಂತ ಸೆಮಿನಾರ್‌ನಲ್ಲಿ ಬರೆದರೆ ಸಾಕಾ?

ಸಾಲದು. ಎಂಎ ಕಿರುಪ್ರಬಂಧದಲ್ಲಿ ನಾನೂ ಇದನ್ನೇ ಬರೆದು ಮಾರ್ಕ್ಸ್ ಕಳೆದುಕೊಂಡವನು, ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ನಾನು ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಪಾತ್ರಗಳನ್ನು ಹುಡುಕಿದೆ. ಒಂದು ಕಡೆ ಕಮ್ಮಾರ ಜೋ, ಹಳ್ಳಿಯ ಹುಡುಗಿ ಬಿಡ್ಡಿ. ಇನ್ನೊಂದು ಕಡೆ ಶ್ರೀಮಂತೆ ಮಿಸ್ ಹ್ಯಾವಿಶಮ್, ಅವಳ ಸಾಕುಮಗಳು ಎಸ್ಟೆಲ್ಲಾ, ಸಿರಿವಂತ ಡ್ರಮಲ್. ಚೆನ್ನಾಗಿ ಹೊಂದಿತು. ಹೊಂದದೇ ಇದ್ದವನು ಆರ್ಲಿಕ್. ಅವನೂ ಜೋನ ಕುಲುಮೆಯಲ್ಲೇ ಕೂಲಿಗೆ ದುಡಿಯುವವನು, ಅವನೂ ಬಡವ, ಆದರೆ ಜೋನ ಹೆಂಡತಿಯ ತಲೆಗೆ ಹೊಡೆದು ಅವಳು ಸರಿಯಾಗಿ ಮಾತಾಡಲೂ ಆಗದಂತೆ ಮಾಡಿದವನು, ಮುಂದೆ ಜೋ ಸಾಕಿದ ಹುಡುಗ, ಕಥಾನಾಯಕ ಪಿಪ್‌ನನ್ನೇ ಕಟ್ಟಿಹಾಕಿ ಕೊಲ್ಲಲು ನೋಡಿದವನು. ಅವನನ್ನು ಬಿಟ್ಟುಬಿಟ್ಟೆ. ಪಿಪ್‌ನ ಗೆಳೆಯ ಹರ್ಬರ್ಟ್ ಪಾಕೆಟ್‌ನನ್ನೂ ಬಿಟ್ಟೆ, ಯಾಕಂದ್ರೆ ಅವನು ಹುಟ್ಟಿನಿಂದಲೇ ಜೆಂಟಲ್‌ಮನ್, ಆದರೂ ಚಿನ್ನದಂಥ ಮನುಷ್ಯ. ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದೇ "ಆರ್ಲಿಕ್ ಎಲ್ಲಿ?" ಅಂತ. ಮರೆತೆ ಅನ್ನೋಕೂ ಆಗಲಿಲ್ಲ, ಬೇಕಂತಲೇ ಬಿಟ್ಟಿದ್ದೆ. ಪಿಪ್ ಯಾವ ಕಡೆ ಸೇರುತ್ತಾನೆ ಅಂದಾಗಲಂತೂ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಇಡೀ ಕಾದಂಬರಿ ಹೇಳುವವನೇ ಅವನು, ಅಲ್ವಾ?

ಆದ್ದರಿಂದ ಒಳ್ಳೆಯವರು ಯಾರು ಅಂತ ಲೆಕ್ಕ ಹಾಕೋದು ಬಿಡಿ. ನಾಚಿಕೆ ಹೇಗೆ ಅಂಟಿಕೊಳ್ಳುತ್ತದೆ ಅನ್ನೋದನ್ನು ನೋಡಿ.

8ನೇ ಅಧ್ಯಾಯದಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಇಸ್ಪೀಟು ಆಡುತ್ತಾರೆ. ಗುಲಾಮನ ಎಲೆಯನ್ನು ಇವನು ಹಳ್ಳಿಯವರ ಹಾಗೆ 'ಜಾಕ್' ಅನ್ನುತ್ತಾನೆ, ಕೈ ಒರಟು, ಬೂಟು ದಪ್ಪ ಅಂತ ಅವಳು ಹೀಯಾಳಿಸುತ್ತಾಳೆ. ಅಲ್ಲಿಯವರೆಗೆ ತನ್ನ ಕೈ ಹೇಗಿದೆ ಅಂತ ಅವನು ಯೋಚಿಸಿದ್ದೇ ಇಲ್ಲ. ಆಟ ಮುಗಿದ ಮೇಲೆ, ಜೋನೇ ಸ್ವಲ್ಪ ನಾಜೂಕಾಗಿ ಬೆಳೆದಿದ್ದರೆ ನಾನೂ ಹಾಗಿರುತ್ತಿದ್ದೆ ಅಂದುಕೊಳ್ಳುತ್ತಾನೆ. ಅವಳು ಅಂದದ್ದು ಇವನನ್ನು, ಇವನ ಬೇಸರ ತಿರುಗಿದ್ದು ಜೋ ಮೇಲೆ!

19ನೇ ಅಧ್ಯಾಯದ ದರ್ಜಿ ಟ್ರ್ಯಾಬ್ ನನಗೆ ತುಂಬಾ ಇಷ್ಟ. ಪಿಪ್ ಬಂದಾಗ ಅವನು ಬಿಸಿ ರೋಲ್‌ಗೆ ಬೆಣ್ಣೆ ಹಚ್ಚುತ್ತಾ ಕೂತಿರುತ್ತಾನೆ, ಏಳುವುದೂ ಇಲ್ಲ. ತನಗೆ ಆಸ್ತಿ ಬಂತು ಅಂತ ಪಿಪ್ ಅಂದಿದ್ದೇ ತಡ, ಬೆಣ್ಣೆ ಮರೆತು, ಬೆರಳನ್ನು ಮೇಜಿನ ಬಟ್ಟೆಗೆ ಒರೆಸಿಕೊಂಡು ಎದ್ದು ನಿಲ್ಲುತ್ತಾನೆ. 27ರಲ್ಲಿ ಪಿಪ್‌ನನ್ನು ನೋಡಲು ಜೋ ಲಂಡನ್‌ಗೆ ಬರುತ್ತಾನೆ. ಟೋಪಿ ಎಲ್ಲಿಡಬೇಕು ಅಂತ ಗೊತ್ತಾಗದೆ ಒಲೆಗೂಡಿನ ಮೇಲಿನ ಹಲಗೆಯ ಅಂಚಿಗೆ ಇಡುತ್ತಾನೆ, ಅದು ಮತ್ತೆ ಮತ್ತೆ ಬೀಳುತ್ತದೆ. ತಾನೇ ಸಾಕಿದ ಹುಡುಗನನ್ನು 'ಸರ್' ಅನ್ನುತ್ತಾನೆ. ಕೊನೆಗೆ, ಈ ಬಟ್ಟೆಯಲ್ಲಿ ನಾನು ನಾನಲ್ಲ, ಕುಲುಮೆ ಬಿಟ್ಟು ಹೊರಗೆ ಬಂದದ್ದೇ ತಪ್ಪು ಅಂತ ತಾನೇ ಹೇಳಿ ಹೊರಡುತ್ತಾನೆ. ಈ ದೃಶ್ಯವನ್ನು ನಗೆಗೆ ಅಂತ ಓದಿ ಮುಂದೆ ಹೋಗಬೇಡಿ.

42ನೇ ಅಧ್ಯಾಯದಲ್ಲಿ, ಪಿಪ್‌ಗೆ ಗುಟ್ಟಾಗಿ ಆಸ್ತಿ ಕೊಟ್ಟ ಕೈದಿ ಮ್ಯಾಗ್‌ವಿಚ್ ಹೇಳುವ ಕೋರ್ಟಿನ ಕಥೆ ಬಂದರೆ ವಿಷಯ ಕಾನೂನಿಗೇ ಹೋಗುತ್ತದೆ. ಒಂದೇ ಕೇಸು, ಇಬ್ಬರು ಆರೋಪಿಗಳು. ಗುಂಗುರು ಕೂದಲು, ಕಪ್ಪು ಬಟ್ಟೆ, ಬಿಳಿ ಕರ್ಚೀಫಿನ, ನೋಡಲು ಜೆಂಟಲ್‌ಮನ್ ಆದ ಕಾಂಪೀಸನ್‌ಗೆ 7 ವರ್ಷ. ಅವನ ಕೈಕೆಳಗಿದ್ದ ಮ್ಯಾಗ್‌ವಿಚ್‌ಗೆ 14.

ನನ್ನ ಕೇಳಿದರೆ ಈ ನಾಲ್ಕು ಅಧ್ಯಾಯ ಇಟ್ಟುಕೊಂಡೇ ಬರೆಯಿರಿ. ಆರ್ಲಿಕ್‌ಗೂ ಜಾಗ ಸಿಗುತ್ತದೆ: ಪಿಪ್‌ನನ್ನು ಮುದ್ದು ಮಾಡಿದರು, ನನ್ನನ್ನು ಬೈದು ಹೊಡೆದರು ಅನ್ನೋದೇ ಅವನ ಸಿಟ್ಟು. ಅದನ್ನು ಒಪ್ಪಬೇಕಿಲ್ಲ, ಮುಚ್ಚಿಡಲೂ ಬಾರದು. ಗೈಡ್‌ಗಳಲ್ಲಿ ಡಿಕನ್ಸ್‌ನ ಬಾಲ್ಯದ ಬಗ್ಗೆಯೇ ಜಾಸ್ತಿ ಇರುತ್ತದೆ. 1824ರಲ್ಲಿ ಅಪ್ಪ ಸಾಲಕ್ಕಾಗಿ ಮಾರ್ಶಲ್‌ಸೀ ಜೈಲಿನಲ್ಲಿದ್ದಾಗ 12 ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದ ಅನ್ನೋದು ನಿಜ, ಮುಖ್ಯವೂ ಹೌದು. ಆದರೆ ಅದಕ್ಕೆ ಎರಡು ಸಾಲು ಸಾಕು, ಉಳಿದ ಪುಟಗಳನ್ನು ಪುಸ್ತಕಕ್ಕೇ ಕೊಡಿ.