ಬಾಯಿ ಮುಚ್ಚಿಕೊಂಡು ಓಡಿದ ವಿಮಾನ

ಪ್ರಿಯ ಓದುಗರೆ,

ನಿಮ್ಮ ನಾಲ್ಕು ಪುಟದ ಪತ್ರ ಕೈ ಸೇರಿತು. ಉಳಿದವರಿಗೂ ವಿಷಯ ಗೊತ್ತಾಗಲಿ ಅಂತ ಅದರಲ್ಲಿ ಏನಿದೆ ಎಂದು ಮೊದಲು ಹೇಳಿಬಿಡುತ್ತೇನೆ.

ಎಂಟು ವರ್ಷದವರಿದ್ದಾಗ ನೀವು ಅಪ್ಪನ ಜೊತೆ ಏರ್ ಶೋಗೆ ಹೋಗಿದ್ದಿರಿ. ಹಗ್ಗದ ಬೇಲಿ ಹಿಡಿದುಕೊಂಡು, ಎರಡು ಬಾಲದ ರಷ್ಯನ್ ಜೆಟ್ ಒಂದು ಮುಂದೆಯೇ ಹಾದು ಹೋಗುವುದನ್ನು ನೋಡಿದಿರಿ. ಈಗ ನಡುವಯಸ್ಸಿನಲ್ಲಿ ಅದರ ಸ್ಕೇಲ್ ಮಾಡೆಲ್ ಮಾಡಬೇಕು ಅಂತ ಮಿಗ್-29 ಕಿಟ್ ತಂದಿದ್ದೀರಿ. ಆದರೆ ಡಬ್ಬದ ಮೇಲಿನ ಚಿತ್ರಕ್ಕೂ ನಿಮ್ಮ ನೆನಪಿಗೂ ತಾಳೆಯಾಗುತ್ತಿಲ್ಲ. ಚಿತ್ರದಲ್ಲಿ ರೆಕ್ಕೆಯ ಬುಡದ ಕೆಳಗೆ ಗಾಳಿ ಎಳೆದುಕೊಳ್ಳುವ ಎರಡು ಬಾಯಿಗಳು ತೆರೆದಿವೆ. ನೀವು ನೋಡಿದ್ದು ಮುಚ್ಚಿದ ಬಾಯಿ. "ಇಂಜಿನ್‌ಗೆ ಗಾಳಿ ಬೇಡ್ವಾ? ಮೂಗು ಮುಚ್ಚಿಕೊಂಡು ಯಾರಾದ್ರೂ ಓಡ್ತಾರಾ?" ಅಂತ ಗೆಳೆಯರು ನಕ್ಕರಂತೆ. ಹೋದ ವರ್ಷ ಮಾಡಿದ ಇನ್ನೊಂದು ಮಾಡೆಲ್ "ಆಟದ ಸಾಮಾನಿನ ಹಾಗೆ ಕಾಣುತ್ತದೆ, ಅವತ್ತಿನ ಭಯ ಇದರಲ್ಲಿ ಇಲ್ಲ" ಎನ್ನುವುದು ಎರಡನೇ ದೂರು. ನೆನಪನ್ನು ನಂಬಲೋ, ಫೋಟೋವನ್ನೋ ಅಂತ ಕೇಳಿದ್ದೀರಿ.

ಗೆಳೆಯರಿಗೆ ಇವತ್ತೇ ಫೋನ್ ಮಾಡಿ. ನೀವು ನೋಡಿದ್ದು ಸರಿಯಾಗಿಯೇ ಇದೆ.

ಮಿಗ್-29 ಮೊದಲು ಹಾರಿದ್ದು 1977ರಲ್ಲಿ. ಕಲ್ಲು ಮಣ್ಣು ಬಿದ್ದಿರುವ ಒರಟು ರನ್‌ವೇಯಿಂದಲೂ ಅದು ಏಳಬೇಕು ಎನ್ನುವುದು ಅದನ್ನು ಮಾಡಿದವರ ಲೆಕ್ಕ. ಅದರ ಬಾಯಿ ನೆಲಕ್ಕೆ ಹತ್ತಿರ, ಮುಂದಿನ ಚಕ್ರದ ಹಿಂದೆಯೇ. ಚಕ್ರ ಎರಚಿದ ಒಂದು ಸಣ್ಣ ಕಲ್ಲು ಒಳಗೆ ಹೋದರೂ ಇಂಜಿನ್‌ನ ಬ್ಲೇಡ್‌ಗಳ ಕತೆ ಮುಗಿಯಿತು. ಅದಕ್ಕೇ ಇಂಜಿನ್ ಚಾಲೂ ಆಗುತ್ತಿದ್ದಂತೆ ಆ ಬಾಯಿಗಳಿಗೆ ಬಾಗಿಲು ಬೀಳುತ್ತದೆ. ಆಗ ಗಾಳಿ ಬರುವುದು ಮೇಲಿನಿಂದ: ರೆಕ್ಕೆ ಬುಡದ ಮೇಲ್ಭಾಗದಲ್ಲಿ ಕಿಟಕಿಯ ಪಟ್ಟಿಗಳ ಹಾಗೆ ತೆರೆದುಕೊಳ್ಳುವ ಕಿಂಡಿಗಳಿವೆ. ಟೇಕಾಫ್‌ಗೆ ಓಡಿ ವೇಗ ಹಿಡಿದ ಮೇಲೆ ಕೆಳಗಿನ ಬಾಗಿಲು ತೆರೆದು ಮೇಲಿನ ಕಿಂಡಿ ಮುಚ್ಚುತ್ತದೆ. ಡಬ್ಬದ ಚಿತ್ರ ಬರೆದವನು ಹಾರುವ ವಿಮಾನವನ್ನು ಬರೆದ. ನಿಮ್ಮ ಮುಂದೆ ಹೋದದ್ದು ನೆಲದ ಮೇಲೆ ಉರುಳುತ್ತಿದ್ದ ವಿಮಾನ. ಇಬ್ಬರದ್ದೂ ಸುಳ್ಳಲ್ಲ.

ಮುಂದಿನ ಚಕ್ರಕ್ಕೆ "ಸೈಕಲ್‌ಗೆ ಇರುವಂಥ ಮಡ್‌ಗಾರ್ಡ್" ಇತ್ತು ಅಂತ ಸಂಕೋಚದಿಂದಲೇ ಬರೆದಿದ್ದೀರಿ. ಸಂಕೋಚ ಬೇಡ, ಅದೂ ಇದೆ. ಕಾರಣವೂ ಅದೇ, ಎರಚುವ ಕಲ್ಲು. ಕಪ್ಪು ಹೊಗೆಯ ಗೆರೆ ಎಳೆದುಕೊಂಡು ಹೋಯಿತು ಎಂದಿರಿ. ಅದರ ಆರ್‌ಡಿ-33 ಇಂಜಿನ್ ಹೊಗೆ ಉಗುಳುವುದಕ್ಕೇ ಹೆಸರುವಾಸಿ. ಇನ್ನು, ಮೂಗು ಮೇಲೆ ಮಾಡಿ ಗಾಳಿಯಲ್ಲಿ ನಿಂತು ಹಿಂದಕ್ಕೆ ಜಾರಿತು ಅಂದದ್ದನ್ನು ಮನೆಯಲ್ಲೇ ಯಾರೂ ನಂಬಲಿಲ್ಲವಂತೆ. ಅದಕ್ಕೆ ಟೇಲ್‌ಸ್ಲೈಡ್ ಅಂತ ಹೆಸರು. 1988ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಏರ್ ಶೋನಲ್ಲಿ ಮಿಗ್-29 ಇದನ್ನು ಮಾಡಿ ತೋರಿಸಿದಾಗ ವಿಮಾನದ ಕಸುಬಿನವರೇ ಬೆರಗಾಗಿದ್ದರು. ಎಂಟು ವರ್ಷದ ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಒಂದೇ ಒಂದು ಕಡೆ ನಿಮ್ಮ ಜೊತೆ ನನ್ನ ತಕರಾರಿದೆ. "ಮೊದಲು ಸದ್ದು ಬಂತು, ಆಮೇಲೆ ವಿಮಾನ" ಎಂದು ಬರೆದಿದ್ದೀರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರದ ಜೆಟ್‌ನ ಸದ್ದು ನಿಮಗೆ ಮುಟ್ಟಲು ಮೂರು ಸೆಕೆಂಡ್ ಬೇಕು. ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲಿ ವಿಮಾನ 650 ಮೀಟರ್ ಮುಂದೆ ಹೋಗಿರುತ್ತದೆ. ನೀವು ಸದ್ದು ಬಂದ ಕಡೆ ತಿರುಗಿದಿರಿ, ಅಲ್ಲಿ ಬರೀ ಆಕಾಶ. ಆಮೇಲೆ ಹುಡುಕಿ ವಿಮಾನವನ್ನು ಕಂಡಿರಿ. ಹಾಗಾಗಿ ನಿಮ್ಮ ಪಾಲಿಗೆ ಸದ್ದೇ ಮೊದಲು. ತಪ್ಪು ನೆನಪಿಗೂ ಇಂಥ ಒಂದು ಸರಿಯಾದ ಕಾರಣ ಇರುತ್ತದೆ ನೋಡಿ.

ಈಗ ಕೆಲಸಕ್ಕೆ ಬರೋಣ. ಅಂಟು ತೆಗೆಯುವ ಮೊದಲು ಕಿಟ್ ಯಾವ ಮಾದರಿಯದ್ದು ಅಂತ ನೋಡಿಕೊಳ್ಳಿ. ಆಮೇಲೆ ಬಂದ ಮಿಗ್-29ಎಂ, ಮಿಗ್-29ಕೆ ಮಾದರಿಗಳಲ್ಲಿ ಮೇಲಿನ ಕಿಂಡಿಗಳನ್ನು ತೆಗೆದುಹಾಕಿ, ಬಾಯಿಯ ಒಳಗೇ ಜಾಲರಿ ಇಟ್ಟರು. ನಿಮಗೆ ಬೇಕಾದದ್ದು ಹಳೆಯ ಮಾದರಿ. ರೆಕ್ಕೆ ಬುಡದ ಮೇಲೆ ಸಾಲು ಕಿಂಡಿಗಳು ಇದ್ದರೆ ಕಣ್ಣು ಮುಚ್ಚಿಕೊಂಡು ಮುಂದುವರಿಯಿರಿ. ಮುಚ್ಚಿದ ಬಾಗಿಲು ಕಿಟ್‌ನಲ್ಲಿ ಬಂದಿರದಿದ್ದರೆ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿಕೊಳ್ಳಬಹುದು. ಮೊದಲು ಕಾಗದದಲ್ಲಿ ಅಳತೆ ನೋಡಿ. ಬಾಗಿಲು ಬಾಯಿಯ ಅಂಚಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಸ್ವಲ್ಪ ಒಳಗೆ, ಓರೆಯಾಗಿ ಕೂರುತ್ತದೆ. ಇದರಲ್ಲಿ ಒಂದು ಗುಟ್ಟಿನ ಲಾಭವೂ ಇದೆ. ಜೆಟ್ ಮಾಡೆಲ್ ಮಾಡುವವರ ದೊಡ್ಡ ತಲೆನೋವು ಎಂದರೆ ಆ ಬಾಯಿಯ ಒಳಗಿನ ಜೋಡಣೆ ಗೆರೆ. ಪುಟ್ಟಿ ತುಂಬಬೇಕು, ಬೆರಳು ಹೋಗದ ಕಡೆ ಉಜ್ಜಬೇಕು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾದರೆ ಯಾರಿಗೆ ಗೊತ್ತು! ಬೇರೆಯವರು ವಾರಗಟ್ಟಲೆ ಒದ್ದಾಡುವುದನ್ನು ನಿಮ್ಮ ನೆನಪು ನಿಮಗೆ ಬಿಟ್ಟಿಯಾಗಿ ಉಳಿಸಿಕೊಟ್ಟಿದೆ.

ಆದರೆ ಬಾಗಿಲು ಮುಚ್ಚಿದರೆ ಮೇಲಿನ ಕಿಂಡಿ ತೆರೆದಿರಲೇಬೇಕು. ಪಟ್ಟಿಗಳ ನಡುವೆ ತೆಳುವಾದ ಕಪ್ಪು ಬಣ್ಣ ಹರಿಸಿದರೆ ಸಾಕು, ಆಳ ಬರುತ್ತದೆ. ಪೈಲಟ್ ಕೂಡ ಕೂತಿರಬೇಕು. ಇಂಜಿನ್ ಚಾಲೂ ಇದೆ, ಒಳಗೆ ಯಾರೂ ಇಲ್ಲ ಅಂದರೆ ದೆವ್ವ ಓಡಿಸಿದ ಹಾಗಾಗುತ್ತದೆ.

ಮೂಗಿನೊಳಗೆ ಭಾರ ಇಡುವುದನ್ನು ಮಾತ್ರ ಮರೆಯಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಜೆಟ್‌ನಲ್ಲಿ ಇಷ್ಟು ಗ್ರಾಂ ಭಾರ ಹಾಕಿ ಅಂತ ಸೂಚನೆಯ ಹಾಳೆಯಲ್ಲೇ ಬರೆದಿತ್ತು. "ಆಮೇಲೆ ನೋಡಿಕೊಂಡರಾಯಿತು" ಅಂದುಕೊಂಡೆ. ಬಣ್ಣ, ಡೆಕಾಲ್ (ಮೈಮೇಲೆ ಅಂಟಿಸುವ ಗುರುತಿನ ಚಿತ್ರಗಳು) ಎಲ್ಲ ಮುಗಿಸಿ ಮೂರು ಕಾಲಿನ ಮೇಲೆ ನಿಲ್ಲಿಸಿದರೆ ಅದು ನಾಯಿಯ ಹಾಗೆ ಬಾಲದ ಮೇಲೆ ಕೂತಿತು. ಮೂಗು ಬಿಚ್ಚಿ ಸೀಸದ ಗುಂಡು ತುಂಬಿದೆ. ಅವಸರದಲ್ಲಿ ಸೂಪರ್ ಗ್ಲೂ ಹಾಕಿದೆ. ಅದರ ಆವಿ ಒಳಗಿನಿಂದ ಹತ್ತಿ ಕ್ಯಾನೊಪಿ, ಅಂದರೆ ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವೆಲ್ಲ ಬೆಳ್ಳಗೆ ಮಂಜು ಕವಿದಂತಾಯಿತು. ಒಂದು ಸೋಮಾರಿತನಕ್ಕೆ ಎರಡು ಶಿಕ್ಷೆ. ಅಂದಿನಿಂದ ಕ್ಯಾನೊಪಿಯ ಹತ್ತಿರ ಒಣಗಿದರೆ ತಿಳಿಯಾಗುವ ಬಿಳಿ ಅಂಟು ಬಿಟ್ಟು ಬೇರೆ ಮುಟ್ಟಿಲ್ಲ. ಡೆಕಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಹೊಳಪಿನ ವಾರ್ನಿಷ್ ಕೊಟ್ಟು, ಒಣಗಿದ ಮೇಲೆ ಅಂಟಿಸಿ. ಒರಟು ಬಣ್ಣದ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಮಿನುಗುತ್ತದೆ.

ಇನ್ನು ಎರಡನೇ ದೂರು, ಆಟದ ಸಾಮಾನಿನ ಹಾಗೆ ಕಾಣುವುದು. ಪತ್ರದ ಜೊತೆ ಕಳಿಸಿದ ಫೋಟೋ ನೋಡಿದೆ. ಕೈಕೆಲಸ ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಆದರೆ ತಗಡಿನ ಜೋಡಣೆ ಗೆರೆಗಳಿಗೆಲ್ಲ ಕಪ್ಪು ತುಂಬಿದ್ದೀರಿ. ನಿಜವಾದ ವಿಮಾನದಲ್ಲಿ ಆ ಸಂದು ಮೂರು ಮಿಲಿಮೀಟರ್ ಇದೆ ಅಂತಿಟ್ಟುಕೊಳ್ಳಿ. 1/48 ಅಳತೆಯಲ್ಲಿ, ಅಂದರೆ ನಿಜವಾದದ್ದರ ನಲವತ್ತೆಂಟನೇ ಒಂದು ಪಾಲಿನಲ್ಲಿ, ಅದು 0.06 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ನಿಮ್ಮದು ಕಂಬಳಿಯ ನೂಲಿನಷ್ಟು ದಪ್ಪಗಿದೆ. ಕಪ್ಪಿನ ಬದಲು ಮೈಬಣ್ಣಕ್ಕಿಂತ ಒಂದು ಛಾಯೆ ಗಾಢವಾದ ಬೂದು ಹರಿಸಿ, ಒರೆಸಿಬಿಡಿ. ಮೈಬಣ್ಣವನ್ನೂ ಸ್ವಲ್ಪ ತಿಳಿ ಮಾಡಿಕೊಳ್ಳಿ. ದೂರದಿಂದ ನೋಡುವಾಗ ನಡುವಿನ ಗಾಳಿ ಬಣ್ಣವನ್ನು ಮಾಸಿಸುತ್ತದೆ. ಮೇಜಿನ ಮೇಲೆ ಆ ಗಾಳಿ ಇಲ್ಲ, ಅದರ ಕೆಲಸವನ್ನು ನಾವೇ ಮಾಡಬೇಕು. ಎಷ್ಟು ತಿಳಿ ಎನ್ನುವುದರ ಬಗ್ಗೆ ಮಾಡೆಲ್ ಮಾಡುವವರು ಜಗಳವಾಡುತ್ತಲೇ ಇರುತ್ತಾರೆ, ನೀವು ಆ ಜಗಳಕ್ಕೆ ಹೋಗಬೇಡಿ.

ದೂರದ ಮಾತು ಬಂತಲ್ಲ, ಒಂದು ಹಳೆಯ ಸಂಗತಿ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮಾಡೆಲ್ ವಿಮಾನ ಮಾಡಿಸಲು ಹೊರಟಿತು. ಎಲ್ಲ 1/72 ಅಳತೆ, ಎಲ್ಲಕ್ಕೂ ಕಪ್ಪು ಬಣ್ಣ. ಶತ್ರು ಯಾರು, ನಮ್ಮವರು ಯಾರು ಅಂತ ಆಕಾರದಿಂದಲೇ ಗುರುತಿಸಲು ಸೈನಿಕರಿಗೆ ಅದರಲ್ಲಿ ಪಾಠ. 35 ಅಡಿ ದೂರದಲ್ಲಿ ಅಂಥ ಮಾಡೆಲ್ ಹಿಡಿದರೆ, ಸುಮಾರು ಅರ್ಧ ಮೈಲಿ ಆಚೆಗಿನ ನಿಜವಾದ ವಿಮಾನ ಎಷ್ಟು ಕಾಣುತ್ತದೋ ಅಷ್ಟೇ ಕಾಣುತ್ತದೆ. 35ನ್ನು 72ರಿಂದ ಗುಣಿಸಿ ನೋಡಿ.

ಅದೇ ಲೆಕ್ಕ ನಿಮಗೂ ಸಲ್ಲುತ್ತದೆ. ವಿಮಾನ ಹಗ್ಗದಿಂದ ಇಪ್ಪತ್ತೈದು ಮೀಟರ್ ದೂರದಲ್ಲಿತ್ತು ಎಂದಿರಿ. 1/48ರಲ್ಲಿ ಅದು 52 ಸೆಂಟಿಮೀಟರ್, ಅಂದರೆ ಮೇಜಿನ ಮುಂದೆ ಕೂತರೆ ಕಣ್ಣಿಗೂ ಮಾಡೆಲ್‌ಗೂ ಇರುವಷ್ಟೇ ದೂರ. ಹಾಗಾಗಿ ನೀವು ತಂದಿರುವ 1/48ರ ಕಿಟ್ ಸರಿಯಾಗಿಯೇ ಇದೆ. ಮೂಗಿನ ಕಡ್ಡಿಯಿಂದ ಬಾಲದವರೆಗೆ ಸುಮಾರು 36 ಸೆಂಟಿಮೀಟರ್ ಆಗುತ್ತದೆ, ಜಾಗ ಮಾಡಿಕೊಳ್ಳಿ.

ದೂರ ಸರಿಯಾಯಿತು, ಎತ್ತರ? ನಿಮ್ಮ ಫೋಟೋ ತೆಗೆದದ್ದು ಮೇಲಿನಿಂದ. ಕುರ್ಚಿಯಲ್ಲಿ ಕೂತು ನೋಡಿದರೆ ಮಾಡೆಲ್‌ನ ಅಳತೆಯಲ್ಲಿ ನೀವು ಹತ್ತಾರು ಮೀಟರ್ ಎತ್ತರದಲ್ಲಿದ್ದೀರಿ. ಅಷ್ಟು ಎತ್ತರದಿಂದ ನೋಡಿದರೆ ಎಂಥ ಯುದ್ಧವಿಮಾನವೂ ಆಟದ ಸಾಮಾನೇ ಅಲ್ವಾ? ಎಂಟು ವರ್ಷದ ಹುಡುಗನ ಕಣ್ಣು ನೆಲದಿಂದ ಹೆಚ್ಚೆಂದರೆ 115 ಸೆಂಟಿಮೀಟರ್ ಮೇಲಿತ್ತು. 48ರಿಂದ ಭಾಗಿಸಿದರೆ ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲ. ಗದ್ದವನ್ನು ಮೇಜಿನ ಮೇಲಿಟ್ಟರೂ ಕಣ್ಣು ಅದಕ್ಕಿಂತ ಮೇಲೆಯೇ ಉಳಿಯುತ್ತದೆ. ಹಾಗಾಗಿ ಮಾಡೆಲನ್ನು ಕಣ್ಣಿನ ಮಟ್ಟದ ಕಪಾಟಿನಲ್ಲಿಟ್ಟು, ಎದುರಿಗೆ ನಿಂತು, ಮೊಣಕಾಲು ಸ್ವಲ್ಪ ಬಗ್ಗಿಸಿ ನೋಡಿ. ಮೂಗು ಮೇಲೆದ್ದು, ಹೊಟ್ಟೆ ಕಾಣಿಸಿ, ಮಡ್‌ಗಾರ್ಡ್‌ನ ಹಿಂದೆ ಆ ಮುಚ್ಚಿದ ಎರಡು ಬಾಯಿ ನಿಮ್ಮ ಕಡೆಗೇ ತಿರುಗಿರುತ್ತವೆ.

ಮುಂದಿನ ಫೋಟೋವನ್ನು ಅಲ್ಲಿಂದಲೇ ತೆಗೆದು ಕಳಿಸಿ. ಒಂದು ಪುಟ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ