ಅಪ್ಪನನ್ನು ಮನೆಯಿಂದ ಮನೆಗೆ ಸಾಗಿಸಬೇಡಿ, ಸರದಿ ಮೇಲೆ ನೀವೇ ಹೋಗಿ

ಕೊನೆ ಹಂತದಲ್ಲಿರುವ ಅಪ್ಪನನ್ನು ಮೂವರು ಮಕ್ಕಳು ತಿಂಗಳಿಗೊಬ್ಬರಂತೆ ಇಟ್ಟುಕೊಳ್ಳುವುದಾ, ಇಲ್ಲ ಒಬ್ಬರೇ ನೋಡಿಕೊಂಡು ಮಿಕ್ಕವರು ದುಡ್ಡು ಕೊಡುವುದಾ, ಯಾವುದು ನ್ಯಾಯ ಅಂತ ಕೇಳಿದ್ದೀರಿ. ಎರಡೂ ಬೇಡ. ನ್ಯಾಯದ ಲೆಕ್ಕ ನಿಮ್ಮ ಮೂವರದು. ಅದರಲ್ಲಿ ಅಪ್ಪ ಎಲ್ಲಿದ್ದಾರೆ?

ನಮ್ಮಲ್ಲೂ ಮೂವರೇ. ಅಣ್ಣ ಮೈಸೂರಿನ ಕುವೆಂಪುನಗರ, ನಾನು ಮಂಡ್ಯ, ತಮ್ಮ ಬೆಂಗಳೂರು. ಅಪ್ಪ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿ ಒಬ್ಬರೇ ಇದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ನಾವೂ ತಿಂಗಳ ಸರದಿ ಹಾಕಿಕೊಂಡೆವು. ಯಾರಿಗೂ ಜಾಸ್ತಿ ಹೊರೆ ಬೀಳಬಾರದು ಅಂತ. ಸೊಂಟದ ಮೂಳೆ ನೋಯುವ ಮನುಷ್ಯನನ್ನು ದಿಂಬು ಒತ್ತರಿಸಿ ಕಾರಲ್ಲಿ ಕೂರಿಸುತ್ತಿದ್ದೆವು. ಹಂಪ್ ಬಂದಾಗೆಲ್ಲ ಅಪ್ಪ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಈ ಸರದಿಯಲ್ಲೇ ನಮಗೆ ಪೆಟ್ಟು ಬಿದ್ದದ್ದು. ಬಿಡಿಸಿ ಹೇಳುತ್ತೇನೆ, ನಿಮಗೆ ಬೇಕಾಗಬಹುದು. ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಮಾರ್ಫಿನ್ ಕರುಳನ್ನು ನಿಧಾನ ಮಾಡುತ್ತದೆ. ಮೊದಮೊದಲು ಬರುವ ಮಂಪರು ಕೆಲವು ದಿನಕ್ಕೆ ಇಳಿಯುತ್ತದೆ. ಮಲಬದ್ಧತೆ ಹಾಗಲ್ಲ, ಮಾತ್ರೆ ಇರುವಷ್ಟು ದಿನವೂ ಇರುತ್ತದೆ. ಅದಕ್ಕೇ ಜೊತೆಗೆ ದಿನಾ ಮೋಷನ್ ಸಿರಪ್ ಕೊಡಬೇಕು. ಅಣ್ಣನ ಮನೆಯಲ್ಲಿ ಅತ್ತಿಗೆಗೆ ಇದೆಲ್ಲ ಬಾಯಿಪಾಠ. ಅಪ್ಪ ತಮ್ಮನ ಮನೆಗೆ ಹೋದಾಗ ಮಾತ್ರೆಯ ಚೀಲ ಹೋಯಿತು, ಅತ್ತಿಗೆಯ ತಲೆಯಲ್ಲಿದ್ದದ್ದು ಹೋಗಲಿಲ್ಲ. ಅಲ್ಲಿ ಅಪ್ಪನ ಪಂಚೆ ಪದೇ ಪದೇ ಒದ್ದೆಯಾಗತೊಡಗಿತು. ನೀರು ನೀರಾಗಿ ಹೋಗ್ತಿದೆ, ಭೇದಿ ಅಂತ ತಮ್ಮ ಸಿರಪ್ ನಿಲ್ಲಿಸಿದ. ಭೇದಿ ನಿಲ್ಲುವ ಮಾತ್ರೆಯನ್ನೂ ಕೊಟ್ಟ. ನನಗೆ ಫೋನ್ ಮಾಡಿ ಕೇಳಿದ, ನಾನೂ ಹೂಂ ಅಂದೆ. ಅದು ಭೇದಿ ಆಗಿರಲಿಲ್ಲ. ಒಳಗೆ ಮಲ ಕಲ್ಲಿನ ಹಾಗೆ ಕೂತು, ಅದರ ಪಕ್ಕದಿಂದ ನೀರು ಸೋರುತ್ತಿತ್ತು. ಹೊಟ್ಟೆ ಉಬ್ಬಿತು, ವಾಂತಿ ಶುರುವಾಯಿತು. ಕ್ಯಾನ್ಸರ್ ಕರುಳಿಗೂ ಬಂತು ಅಂತ ನಾವು ಹೆದರಿದೆವು. ಆಸ್ಪತ್ರೆ, ಸ್ಕ್ಯಾನ್, ಮೂಗಿಗೆ ನಳಿಕೆ, ಎನಿಮಾ. ಆ ಗಲಾಟೆಯಲ್ಲಿ ಮಾರ್ಫಿನ್ ಕೂಡ ನಿಂತು ನೋವು ವಾಪಸ್ ಬಂತು. ಎದ್ದು ಕೂತು ಮುದ್ದೆ ಉಣ್ಣುತ್ತಿದ್ದ ಮನುಷ್ಯ ಆಮೇಲೆ ಕೂರಲೇ ಇಲ್ಲ.

ಅಲ್ಲಿಂದ ಸೀದಾ ಹಳ್ಳಿ ಮನೆಗೇ ಕರೆದುಕೊಂಡು ಬಂದೆವು. ಅಪ್ಪ ಒಂದೇ ಕಡೆ, ನಾವು ವಾರಕ್ಕೊಬ್ಬರು. ಕಿಟಕಿ ಸರಳಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿದೆವು. ಮಾತ್ರೆ ಕೊಟ್ಟ ಹೊತ್ತು, ಮೋಷನ್, ಮಗ್ಗುಲು ಬದಲಿಸಿದ್ದು, ಎಲ್ಲ ಅದರಲ್ಲೇ. ಬೆಂಗಳೂರಿನ ಫ್ಲ್ಯಾಟಲ್ಲಿ ಗೋಡೆ ನೋಡಿಕೊಂಡು ಮಲಗುತ್ತಿದ್ದವರು ಇಲ್ಲಿ ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ, 'ಕಟ್ಟೆ ಎಷ್ಟಡಿ ಆಯ್ತು?' ಕೆಆರ್‌ಎಸ್ 124.80 ಅಡಿಗೆ ತುಂಬಿದರೆ ಮಾತ್ರ ಅವರಿಗೆ ಸಮಾಧಾನ. ಯಾರ ವಾರವೋ ಅವರು ಪೇಪರ್ ನೋಡಿ ಹೇಳಬೇಕಿತ್ತು. ಊರಲ್ಲಿ 'ಮಗಳು ಆಸ್ತಿಗೆ ಬಂದು ಕೂತವ್ಳೆ' ಅಂತಲೂ ಅಂದರು. ಅನ್ನಲಿ ಬಿಡಿ. ನೀವು ಮೂವರು ಮಾತ್ರ ಖಾತೆ, ಸಹಿ, ಹೆಬ್ಬೆಟ್ಟಿನ ಮಾತನ್ನು ಹಾಸಿಗೆ ಪಕ್ಕ ಎತ್ತಬೇಡಿ. ಕಿವಿ ಕೇಳಿಸುತ್ತಿರುತ್ತದೆ.

'ಮಾರ್ಫಿನ್ ಅಂದರೆ ಚಟ ಹತ್ತುತ್ತೆ' ಅಂತ ಯಾರಾದರೂ ಚಿಕ್ಕಪ್ಪ ಹೇಳಿಯೇ ಹೇಳುತ್ತಾರೆ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ನೋವಿಗೆ ಕೊಡುವಾಗ ಆ ಭಯ ಇಟ್ಟುಕೊಳ್ಳಬೇಡಿ, ತಟ್ಟನೆ ನಿಲ್ಲಿಸಲೂಬೇಡಿ. ಎಲ್ಲ ಮೆಡಿಕಲ್ ಸ್ಟೋರಲ್ಲಿ ಸಿಗುವ ಮಾತ್ರೆ ಅಲ್ಲ ಇದು. 1985ರ ಮಾದಕ ವಸ್ತು ಕಾಯ್ದೆ ಬಿಗಿಯಾಗಿತ್ತು, 2014ರ ತಿದ್ದುಪಡಿಯಲ್ಲಿ ಸ್ವಲ್ಪ ಸಡಿಲವಾಯಿತು. ಮುಗಿಯುವ ಮುಂಚೆಯೇ ತಂದಿಟ್ಟುಕೊಳ್ಳಿ. ಮೈಸೂರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಇಂಥ ರೋಗಿಗಳನ್ನು ಮನೆಗೇ ಬಂದು ನೋಡುವ ಕೆಲಸ ಮಾಡುತ್ತಾರೆ, ವಿಚಾರಿಸಿ. ಮನೆಯಲ್ಲಿ ಕೈಮೀರಿದರೆ ಬೆಂಗಳೂರಿನ ಕರುಣಾಶ್ರಯ ಇದೆ. ಕೊನೆ ಹಂತದ ಕ್ಯಾನ್ಸರ್‌ನವರನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಅಲ್ಲಿ ಸೇರಿಸಿದರೆ ಅಪ್ಪನನ್ನು ಬಿಟ್ಟ ಹಾಗಲ್ಲ.

ದುಬೈನಲ್ಲಿರುವ ನಿಮ್ಮ ತಮ್ಮ ದುಡ್ಡು ಕಳಿಸುತ್ತೇನೆ ಅಂದಿದ್ದಾನೆ ಅಂತ ಬರೆದಿದ್ದೀರಿ. ಕಳಿಸಲಿ, ಗಾಳಿ ಹಾಸಿಗೆ ತರಿಸಿ, ಹಗಲಿಗೊಬ್ಬ ಆಳು ಇಡಿ. ಆದರೆ ರಜೆಯನ್ನು ತಿಥಿಗೆ ಅಂತ ಉಳಿಸಿಕೊಳ್ಳದೆ ಈಗಲೇ ಹಾಕಿ ಬರಲಿ. ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವುದನ್ನು ಅವನೂ ಕಲಿಯಲಿ. ಮತ್ತೆ, ನಿಮ್ಮ ಅಪ್ಪನಿಗೆ ಮಾರ್ಫಿನ್ ಶುರುವಾಗಿದ್ದರೆ, ಕೊನೆಗೆ ಸರಿಯಾಗಿ ಮೋಷನ್ ಆಗಿದ್ದು ಯಾವತ್ತು ಅಂತ ಇವತ್ತೇ ಕೇಳಿ ಬರೆದಿಡಿ. ಮೂರು ದಿನ ದಾಟಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ.